ತೊಂಬತ್ತರಲ್ಲೂ ಇವ್ರಿಗೆಲ್ಲ ಏನ್ ಕೆಲ್ಸ?

ತೊಂಬತ್ತು ದಾಟಿ ಬದುಕಿದ ಹೆಸರಾಂತರ ಬಗ್ಗೆ ಏನ್ ಬೇಕಾದ್ರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ, ಪತ್ರ ಬಂದಿದ್ದು ನೋಡಿದ್ರೆ ಎಲ್ರಿಗೂ ಅಲ್ಲಿಗೆ ಹೋಗೋ ಆಸೆ ಇದ್ದ ಹಾಗಿದೆ. ಅರ್ಧಕ್ಕರ್ಧ ಜನ ಕೇಳಿರೋದು ಒಂದೇ ಪ್ರಶ್ನೆ, ಅದನ್ನ ಮೊದಲು ಮುಗಿಸಿಬಿಡೋಣ.

ಪ್ರಶ್ನೆ: ಇಷ್ಟು ವರ್ಷ ಬದುಕಿದವ್ರ ಸೀಕ್ರೆಟ್ ಏನು ಸಾರ್? ಊಟನಾ, ವ್ಯಾಯಾಮನಾ, ನಿದ್ದೆನಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳೋದಾದ್ರೆ, ಅವ್ರನ್ನ ಕೇಳ್ಬೇಡಿ. ಯಾಕೆ ಅಂದ್ರೆ ಅವ್ರಿಗೇ ಗೊತ್ತಿರಲ್ಲ. ಬರ್ನಾರ್ಡ್ ಷಾ ಮಾಂಸ ಮುಟ್ತಿರ್ಲಿಲ್ಲ, ಹೆಂಡ ಮುಟ್ತಿರ್ಲಿಲ್ಲ, 94 ವರ್ಷ ಬದುಕಿದ್ರು, ಸರಿ, ಲೆಕ್ಕ ಕೂಡ್ತು ಅಂದ್ಕೊಳ್ಳೋಷ್ಟರಲ್ಲಿ ಚರ್ಚಿಲ್ ಬರ್ತಾರೆ, ಬಾಯಲ್ಲಿ ಸಿಗಾರು ಕೈಯಲ್ಲಿ ಗ್ಲಾಸು, ಅವ್ರೂ 90. ಮೊರಾರ್ಜಿ ದೇಸಾಯಿಯವರು ಪಾನನಿರೋಧದ ಕಟ್ಟಾಳು, ಜೊತೆಗೆ ಸ್ವಮೂತ್ರಪಾನದ ಪ್ರಚಾರಕರು ಬೇರೆ, 99 ವರ್ಷ. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬಾಯಿಂದ ಪೈಪ್ ಇಳಿಸಿದ್ದೇ ಅಪರೂಪ, 97 ವರ್ಷ. ಇದ್ರಲ್ಲಿ ಯಾರ ಹಾದಿ ಹಿಡೀತೀರಿ ಹೇಳಿ.

ರಸೆಲ್ ವಿಷಯದಲ್ಲಿ ಒಂದು ತಮಾಷೆ ಇದೆ. 1948ರಲ್ಲಿ ನಾರ್ವೆಗೆ ಹೋಗಿದ್ದಾಗ, ಅಲ್ಲಿ ಒಂದೂರಿಂದ ಇನ್ನೊಂದೂರಿಗೆ ನೀರಿನ ಮೇಲೆ ಇಳಿಯೋ ವಿಮಾನದಲ್ಲಿ ಹೊರಟ್ರು, ಪೈಪ್ ಸೇದ್ಬೇಕು ನಂಗೆ ಅದಕ್ಕೆ ಅವಕಾಶ ಇರೋ ಕಡೆ ಸೀಟು ಕೊಡಿ ಅಂತ ಕೇಳಿ ಕೂತ್ರು, ಇಳಿಯೋವಾಗ ವಿಮಾನ ಮಗುಚ್ಕೊಂಡು ನೀರು ನುಗ್ತು, ಧೂಮಪಾನ ನಿಷೇಧ ಇದ್ದ ಕಡೆ ಕೂತಿದ್ದವ್ರೆಲ್ಲ ಸತ್ರು, ಈ 76ರ ಮುದುಕ ಓವರ್‌ಕೋಟ್ ಸಮೇತ ಈಜಿ ದೋಣಿ ಹಿಡ್ಕೊಂಡು ಬದುಕಿದ್ರು. ಅಂದ್ರೆ ಹೊಗೆಬತ್ತಿಯೇ ಅವ್ರನ್ನ ಉಳಿಸ್ತು ಅನ್ನಬಹುದು, ಆದ್ರೆ ದಯವಿಟ್ಟು ಅನ್ಬೇಡಿ. ಸಿಗರೇಟು ಸೇದಿ 55ಕ್ಕೇ ಹೋದವ್ರನ್ನ ಯಾರೂ ಮೈಕ್ ಹಿಡ್ದು ಗುಟ್ಟೇನು ಅಂತ ಕೇಳಲ್ಲ, ಕೇಳೋಕೆ ಅವ್ರು ಇರೋದೂ ಇಲ್ಲ. ನಮ್ಮ ಕಣ್ಣಿಗೆ ಬೀಳೋದು ಉಳಿದವ್ರು ಮಾತ್ರ, ಎಡವಟ್ಟಾಗೋದೇ ಅಲ್ಲಿ.

ವಂಶದಲ್ಲಿ ಬರತ್ತಾ ಅಂತ ಕೆಲವರು ಕೇಳಿದ್ದೀರಿ. ಡೆನ್ಮಾರ್ಕಿನಲ್ಲಿ ಸಾವಿರಾರು ಅವಳಿ ಜವಳಿಗಳ ಆಯಸ್ಸು ಹೋಲಿಸಿ ನೋಡಿ 1996ರಲ್ಲಿ ಒಂದು ಲೆಕ್ಕ ಕೊಟ್ರು, ಆಯಸ್ಸಿನ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ರಕ್ತದ ಗುಣ ಕಾರಣ, ಉಳಿದದ್ದು ಬದುಕೋ ರೀತಿ, ಸುತ್ತಲ ಪರಿಸ್ಥಿತಿ, ಅದೃಷ್ಟ. ತೀರಾ ನೂರರ ಆಚೆ ಹೋಗೋವ್ರಲ್ಲಿ ಮಾತ್ರ ವಂಶದ ಪಾಲು ಜಾಸ್ತಿ ಇರೋ ಹಾಗೆ ಕಾಣತ್ತೆ.

ಪ್ರಶ್ನೆ: ಸುಮಾರು ಜನ ದೊಡ್ಡೋರು 99ಕ್ಕೇ ಹೋಗ್ತಾರಲ್ಲ, ನೂರಕ್ಕೆ ಒಂದು ಬಾಕಿ ಇರೋವಾಗ. ಕ್ರಿಕೆಟ್ ಥರ ನರ್ವಸ್ ನೈಂಟೀಸ್ ಇದಕ್ಕೂ ಇದ್ಯಾ?

ಪ್ರಶ್ನೆ ಚೆನ್ನಾಗಿದೆ. ಪಟ್ಟಿ ನೋಡಿದ್ರೆ ನಿಮ್ಗೆ ಹಾಗನ್ಸಿದ್ರಲ್ಲಿ ತಪ್ಪಿಲ್ಲ. ಬ್ರಿಟನ್ನಿನ ರಾಜಕುಮಾರ ಫಿಲಿಪ್ 2021ರ ಏಪ್ರಿಲ್ 9ಕ್ಕೆ ಹೋದ್ರು, ನೂರಾಗೋಕೆ ಎರಡೇ ತಿಂಗಳು ಬಾಕಿ. ವಾರನ್ ಬಫೆಟ್ ಜೊತೆಗಾರ ಚಾರ್ಲಿ ಮಂಗರ್ ಹುಟ್ಟಿದ್ದು 1924ರ ಜನವರಿ 1ಕ್ಕೆ, ತೀರ್ಕೊಂಡಿದ್ದು 2023ರ ನವೆಂಬರ್ 28ಕ್ಕೆ, ಒಂದು ತಿಂಗಳು ಚಿಲ್ಲರೆ ದಿನ ಕಮ್ಮಿ. ಅಮೆರಿಕದ ನಟಿ ಬೆಟ್ಟಿ ವೈಟ್ ಕಥೆ ಇನ್ನೂ ಒಂದು ಕೈ ಮೇಲೆ, ಅವ್ರಿಗೆ ನೂರಾಯ್ತು ಅಂತ ಮುಖಪುಟ ಮಾಡಿ ಒಂದು ಪತ್ರಿಕೆ ಮುಂಚೆನೇ ಅಂಗಡಿಗೆ ಬಂದುಬಿಟ್ಟಿತ್ತು, 2021ರ ಕೊನೇ ದಿನ ಅವ್ರು ಹೋದ್ರು, 17 ದಿನ ಬಾಕಿ. (ಪತ್ರಿಕೆಯವ್ರ ಸಂಕಟ ನಂಗೆ ಅರ್ಥ ಆಗತ್ತೆ, ನಾವೂ ಮುಂಚೆನೇ ಪ್ರಿಂಟ್ ಮಾಡೋ ಜನ.)

ಆದ್ರೆ ಇದ್ರಲ್ಲಿ ಶಾಪನೂ ಇಲ್ಲ ಗಾಬರಿನೂ ಇಲ್ಲ. ಬೆಂಜಮಿನ್ ಗಾಂಪರ್ಟ್ಸ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ 1825ರಲ್ಲೇ ತೋರ್ಸಿದ್ದ, ದೊಡ್ಡೋರಾದ ಮೇಲೆ ವಯಸ್ಸು ಏರಿದ ಹಾಗೆ ಸಾಯೋ ಸಾಧ್ಯತೆ ದುಪ್ಪಟ್ಟು ದುಪ್ಪಟ್ಟಾಗಿ ಏರತ್ತೆ ಅಂತ, ಈಗಿನ ಲೆಕ್ಕದಲ್ಲಿ ಸುಮಾರು ಎಂಟು ವರ್ಷಕ್ಕೊಂದ್ಸಲ ಡಬಲ್. 99 ತಲುಪೋ ಹೊತ್ತಿಗೆ ಆ ಒಂದೇ ವರ್ಷದಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ರು ಹೋಗ್ತಾರೆ. ನಿಜ ಹೇಳ್ಬೇಕಂದ್ರೆ 98ಕ್ಕೆ ಹೋದವ್ರೂ ಬೇಕಾದಷ್ಟು ಜನ ಇದ್ದಾರೆ, ನಾವು ಅಯ್ಯೋ ಅನ್ನೋದು 99ಕ್ಕೆ ಮಾತ್ರ.

ಕ್ರಿಕೆಟ್ ಅಂದ್ರಲ್ಲ, ಬ್ರಾಡ್ಮನ್ ಟೆಸ್ಟ್ ಸರಾಸರಿ 99.94, ಕೊನೇ ಇನ್ನಿಂಗ್ಸಲ್ಲಿ ನಾಲ್ಕು ರನ್ ಹೊಡೆದಿದ್ರೆ ನೂರು, ಎರಡನೇ ಬಾಲಿಗೆ ಸೊನ್ನೆಗೆ ಬೌಲ್ಡ್. ಬದುಕಲ್ಲಿ 92ಕ್ಕೆ ಔಟು. ಆಮೇಲೆ ಮೊರಾರ್ಜಿಯವರು ಹುಟ್ಟಿದ್ದು 1896ರ ಫೆಬ್ರವರಿ 29ಕ್ಕೆ. 1900 ಅಧಿಕ ವರ್ಷ ಅಲ್ಲ, ಹಾಗಾಗಿ ಹುಟ್ಟಿದ ತಾರೀಖು ಕ್ಯಾಲೆಂಡರಲ್ಲಿ ಮತ್ತೆ ಬಂದಿದ್ದು ಎಂಟು ವರ್ಷ ತುಂಬಿದಾಗ. 1995ರಲ್ಲಿ ಹೋಗೋವರೆಗೆ ಎಣಿಸಿ ನೋಡಿದೆ, ಅಸಲಿ ಹುಟ್ಟುಹಬ್ಬ ಅಂತ ಅವ್ರಿಗೆ ಸಿಕ್ಕಿದ್ದು 23.

ಪ್ರಶ್ನೆ: ನಮ್ಮ ಕನ್ನಡದ ಸಾಹಿತಿಗಳಲ್ಲಿ ತೊಂಬತ್ತು ದಾಟಿದವ್ರು ಯಾರ್ಯಾರು? ಬರಿ ಹೆಸರಲ್ಲ, ಆ ವಯಸ್ಸಲ್ಲಿ ಏನ್ ಮಾಡ್ತಿದ್ರು ಹೇಳಿ.

ನಾನು ಕಾಯ್ತಿದ್ದ ಪ್ರಶ್ನೆ ಇದು, ಬರಿ ಹೆಸರಲ್ಲ ಅಂದ್ರಲ್ಲ ಅದಕ್ಕೆ ಸ್ಪೆಷಲ್ ಥ್ಯಾಂಕ್ಸು.

ಮಾಸ್ತಿಯವರಿಂದ ಶುರು ಮಾಡೋಣ. 1983ರ ಜ್ಞಾನಪೀಠ ಅವ್ರಿಗೆ ಬಂದಾಗ ವಯಸ್ಸು 92. ಯಾವ ಕಾದಂಬರಿಗೆ ಬಂತೋ ಆ ಚಿಕ್ಕವೀರ ರಾಜೇಂದ್ರ ಅಚ್ಚಾಗಿ ಕಾಲು ಶತಮಾನದ ಮೇಲಾಗಿತ್ತು. ಅಷ್ಟು ಹೊತ್ತಿಗೆ ಅವ್ರ ಕೈ ಹಿಡ್ಕೊಂಡು ಬರೆಯೋಕೆ ಕಲಿತ ಎರಡು ಮೂರು ತಲೆಮಾರು ತಾವೇ ಹಿರಿಯರಾಗಿದ್ರು. 1891ರ ಜೂನ್ 6ಕ್ಕೆ ಹುಟ್ಟಿ 1986ರ ಜೂನ್ 6ಕ್ಕೆ ಹೋದ್ರು, ದಿನ ಹೆಚ್ಚಿಲ್ಲ ಕಮ್ಮಿ ಇಲ್ಲ, ಸರಿಯಾಗಿ 95. ಲೆಕ್ಕಪತ್ರದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಸರ್ಕಾರಿ ಅಧಿಕಾರಿ, ಹೋಗೋದ್ರಲ್ಲೂ ಬಾಕಿ ಉಳಿಸ್ಲಿಲ್ಲ ಅನ್ಸತ್ತೆ ನಂಗೆ.

ಕಾರಂತರದ್ದು ಇದಕ್ಕೆ ಪೂರಾ ಉಲ್ಟಾ, ಸದ್ದು ಗದ್ದಲ ಜಗಳ ಎಲ್ಲಾ ಕೊನೇವರೆಗೂ. 87ನೇ ವಯಸ್ಸಲ್ಲಿ, ಅಂದ್ರೆ 1989ರಲ್ಲಿ, ಕೈಗಾ ಅಣುಸ್ಥಾವರ ಬೇಡ ಅಂತ ಲೋಕಸಭೆಗೆ ನಿಂತ್ರು, ಸೋತ್ರು. ಸೋತ್ ಮೇಲೆ ಮನೇಲಿ ಕೂತ್ರಾ, ಇಲ್ಲ. 95 ವರ್ಷ ಬದುಕಿದ್ರು, ಆ ಕೊನೇ ದಿನಗಳಲ್ಲಿ ಹಕ್ಕಿಗಳ ಮೇಲೆ ಪುಸ್ತಕ ಬರೀತಿದ್ರು. ಹಕ್ಕಿ! ಮಕ್ಕಳ ವಿಶ್ವಕೋಶ, ಯಕ್ಷಗಾನ, ಕಾದಂಬರಿ ಎಲ್ಲ ಮುಗಿಸಿ ಇನ್ನೇನ್ ಉಳಿದಿದೆ ಅಂತ ಸುತ್ತ ಕಣ್ಣಾಡಿಸಿ ಅಯ್ಯೋ ಹಕ್ಕಿ ಬಿಟ್ಟೇ ಹೋಯ್ತಲ್ಲ ಅಂದ್ಕೊಂಡ ಹಾಗೆ.

ಎ.ಎನ್. ಮೂರ್ತಿರಾಯರು 103 ವರ್ಷ ಇದ್ರು. ಸಾಮಾನ್ಯವಾಗಿ ವಯಸ್ಸಾದ ಹಾಗೆ ಜನ ದೇವರ ಕಡೆ ವಾಲ್ತಾರೆ, ಇವ್ರು ತೊಂಬತ್ತರ ಆಸುಪಾಸಲ್ಲಿ ಕೂತು ದೇವರು ಇದ್ದಾನಾ ಅಂತ ಒಂದು ಪುಸ್ತಕವನ್ನೇ ಬರೆದು, ಒಬ್ರ ಮನಸ್ಸೂ ನೋಯಿಸದ ಹಾಗೆ, ನಂಗೇನೋ ನಂಬಿಕೆ ಬರ್ಲಿಲ್ಲಪ್ಪ ಅಂತ ಹೇಳಿಬಿಟ್ರು. ಅದಕ್ಕೆ ಪಂಪ ಪ್ರಶಸ್ತಿನೂ ಬಂತು. ಆ ವಯಸ್ಸಲ್ಲಿ ಆ ಮಾತು ಹೇಳೋಕೆ ಎದೆಗಾರಿಕೆ ಬೇಕು, ಅದನ್ನ ನಗುನಗ್ತಾ ಹೇಳೋಕೆ ಇನ್ನೂ ಏನೋ ಬೇಕು.

ಇನ್ನು ಜಿ. ವೆಂಕಟಸುಬ್ಬಯ್ಯ. ಇಂಥ ಪ್ರಶ್ನೋತ್ತರ ಅಂಕಣ ಬರೆಯೋ ನಮ್ಮಂಥವರಿಗೆಲ್ಲ ಅವ್ರು ಗುರುಸ್ಥಾನ, ಪ್ರಜಾವಾಣಿಯಲ್ಲಿ ಇಗೋ ಕನ್ನಡ ಅಂತ ವರ್ಷಗಟ್ಟಲೆ ಓದುಗರು ಕೇಳಿದ ಒಂದೊಂದು ಪದಕ್ಕೂ ಉತ್ತರ ಕೊಟ್ರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನ ಬೆನ್ನೆಲುಬು. 2011ರಲ್ಲಿ ಬೆಂಗಳೂರಿನ 77ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ 97 ವಯಸ್ಸು, ಅದಾದ್ ಮೇಲೂ ಹತ್ತು ವರ್ಷ ಇದ್ರು, 2021ರಲ್ಲಿ ಹೋದಾಗ 107. ಅವ್ರು ಇದ್ದಿದ್ರೆ ಈ ನರ್ವಸ್ ನೈಂಟೀಸ್‌ಗೆ ಕನ್ನಡದಲ್ಲಿ ಏನಂತೀರಿ ಸಾರ್ ಅಂತ ಪತ್ರ ಹಾಕ್ತಿದ್ದೆ.

ಪುತಿನ 93, ಕೈಯ್ಯಾರ ಕಿಞ್ಞಣ್ಣ ರೈ ನೂರು ತುಂಬಿಸಿದ್ರು, ಎಸ್.ಎಲ್. ಭೈರಪ್ಪನವರು 2025ರಲ್ಲಿ ಹೋದಾಗ 94. ಬಿಟ್ಟುಹೋದ ಹೆಸ್ರು ಇರತ್ತೆ, ಬೈದು ಬರೀರಿ.

ಪ್ರಶ್ನೆ: ಅತಿ ಹೆಚ್ಚು ವಯಸ್ಸಲ್ಲಿ ನೊಬೆಲ್ ತಗೊಂಡಿದ್ದು ಯಾರು?

ಜಾನ್ ಗುಡ್‌ಇನಫ್, 2019ರಲ್ಲಿ, ರಸಾಯನಶಾಸ್ತ್ರಕ್ಕೆ, 97ನೇ ವಯಸ್ಸಲ್ಲಿ. ನೀವು ಈ ಪ್ರಶ್ನೆ ಮೊಬೈಲಲ್ಲಿ ಟೈಪ್ ಮಾಡಿ ಕಳ್ಸಿದ್ರೆ ಅವ್ರ ಋಣ ನಿಮ್ಮ ಕೈಯಲ್ಲೇ ಇದೆ, ಲಿಥಿಯಂ ಬ್ಯಾಟರಿ ಕೆಲಸಕ್ಕೇ ಆ ಬಹುಮಾನ. ಎರಡನೇ ಮಹಾಯುದ್ಧ ಮುಗಿಸಿ ಫಿಸಿಕ್ಸ್ ಓದೋಕೆ ಷಿಕಾಗೋಗೆ ಹೋದಾಗ ಅಲ್ಲಿನ ಪ್ರೊಫೆಸರ್ ಒಬ್ರು, ಈ ವಯಸ್ಸಲ್ಲಿ ಶುರು ಮಾಡ್ತೀಯಾ, ಲೇಟಾಯ್ತು ಅಂದಿದ್ರಂತೆ. ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ. ಆಕ್ಸ್‌ಫರ್ಡಲ್ಲಿ ಬ್ಯಾಟರಿಯ ಮುಖ್ಯ ಕೆಲಸ ಮಾಡಿದ್ದು 57ರ ಸುಮಾರಿಗೆ, ಅಲ್ಲಿ ರಿಟೈರ್ ಮಾಡಿ ಕಳಿಸೋ ವಯಸ್ಸು ಹತ್ರ ಬಂತು ಅಂತ 64ಕ್ಕೆ ಗಂಟುಮೂಟೆ ಕಟ್ಕೊಂಡು ಅಮೆರಿಕದ ಟೆಕ್ಸಸ್‌ಗೆ ಹೋದ್ರು, ತೊಂಬತ್ತರಲ್ಲೂ ಅಲ್ಲೇ ಲ್ಯಾಬಿಗೆ ಹೋಗಿ ಇದಕ್ಕಿಂತ ಒಳ್ಳೆ ಬ್ಯಾಟರಿ ಮಾಡ್ಬೇಕು ಅಂತ ಕೂತಿರ್ತಿದ್ರು. ನೂರು ದಾಟಿ 2023ರಲ್ಲಿ ಹೋದ್ರು.

ಅವ್ರಿಗಿಂತ ಹಿಂದಿನ ವರ್ಷ ದಾಖಲೆ ಮಾಡಿದ್ದು ಆರ್ಥರ್ ಆಶ್ಕಿನ್, 96ಕ್ಕೆ. ಬೆಳಕಿನ ಕಿರಣದಿಂದಲೇ ಚಿಮ್ಮಟದ ಹಾಗೆ ಸಣ್ಣ ಸಣ್ಣ ಜೀವಕಣ ಹಿಡಿಯೋ ಉಪಾಯ ಕಂಡುಹಿಡಿದವ್ರು. ನೊಬೆಲ್ ಕಡೆಯವ್ರು ಫೋನ್ ಮಾಡಿದ್ರೆ, ಇಂಟರ್‌ವ್ಯೂ ಎಲ್ಲ ಕಷ್ಟ, ನಾನೊಂದು ಹೊಸ ಪೇಪರ್ ಬರೆಯೋದ್ರಲ್ಲಿ ಬ್ಯುಸಿ ಇದೀನಿ ಅಂತ ಹೇಳಿದ್ರಂತೆ.

ಇದ್ರಲ್ಲಿ ಇನ್ನೊಂದು ವಿಷಯ ಇದೆ, ಸ್ವಲ್ಪ ಕಹಿ. ನೊಬೆಲ್ ಸತ್ತವ್ರಿಗೆ ಕೊಡಲ್ಲ. ಹಾಗಾಗಿ ಬದುಕಿರೋದೂ ಒಂದು ಕ್ವಾಲಿಫಿಕೇಷನ್ನೇ. ಭೌತವಿಜ್ಞಾನಿ ಪೀಟರ್ ಹಿಗ್ಸ್ ಇಂಥದ್ದೊಂದು ಇರ್ಬೇಕು ಅಂತ 1964ರಲ್ಲಿ ಹೇಳಿದ ಸೂಕ್ಷ್ಮ ಕಣ ಸಿಕ್ಕಿದ್ದು 2012ರಲ್ಲಿ, ಮರುವರ್ಷ ಬಹುಮಾನ ಬಂದಾಗ ಹಿಗ್ಸ್‌ಗೆ 84, ಆಮೇಲೆ 94ರವರೆಗೂ ಇದ್ರು. ಅದೇ 1964ರಲ್ಲಿ ಅದೇ ವಿಚಾರ ಬರೆದ ರಾಬರ್ಟ್ ಬ್ರೌಟ್ 2011ರಲ್ಲಿ ತೀರ್ಕೊಂಡ್ರು, ಜೊತೇಲಿ ಬರೆದ ಆಂಗ್ಲೇರ್‌ಗೆ ಬಹುಮಾನ ಬಂತು, ಬ್ರೌಟ್‌ಗೆ ಇಲ್ಲ. ಎರಡು ವರ್ಷದ ವ್ಯತ್ಯಾಸ.

ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರದ್ದೂ ಹೀಗೇ, ಸಂಖ್ಯಾಶಾಸ್ತ್ರದ ದೊಡ್ಡ ಅಂತರರಾಷ್ಟ್ರೀಯ ಬಹುಮಾನ 2023ರಲ್ಲಿ ಬಂತು, 102ನೇ ವಯಸ್ಸಲ್ಲಿ, ಅದಕ್ಕೆ ಕಾರಣವಾದ ಕೆಲಸ ಮಾಡಿದ್ದು 1945ರಲ್ಲಿ. ಅದೇ ವರ್ಷ ಆಗಸ್ಟಲ್ಲಿ ಹೋದ್ರು.

ಪ್ರಶ್ನೆ: ಹೆಂಗಸರೇ ಜಾಸ್ತಿ ವರ್ಷ ಬದುಕ್ತಾರೆ ಅಂತೀರಾ, ಆದ್ರೆ ಇಂಥ ಪಟ್ಟಿ ಬಂದಾಗೆಲ್ಲ ಬರೀ ಗಂಡಸರ ಹೆಸ್ರು. ಯಾಕೆ?

ಅಮ್ಮಾ, ಸರಿಯಾಗಿ ಹಿಡಿದ್ರಿ, ಮೇಲಿನ ನನ್ನ ಉತ್ತರಗಳೇ ಸಾಕ್ಷಿ. ನೂರು ದಾಟಿದವ್ರನ್ನ ಎಣಿಸಿದ್ರೆ ಬಹುತೇಕ ದೇಶಗಳಲ್ಲಿ ಹೆಂಗಸರದ್ದೇ ದೊಡ್ಡ ಪಾಲು. ಬದುಕಿದ್ದು ಅವ್ರು, ಹೆಸ್ರು ಮಾಡೋಕೆ ಬಿಟ್ಟಿದ್ದು ಇವ್ರನ್ನ.

ಇಟಲಿಯ ರೀಟಾ ಲೇವಿ ಮೊಂತಾಲ್ಚೀನಿ ನೋಡಿ. ಯಹೂದಿ ಅಂತ 1938ರಲ್ಲಿ ಮುಸೊಲಿನಿ ಕಾನೂನು ಅವ್ರನ್ನ ಕೆಲಸದಿಂದ ಹೊರಗೆ ಹಾಕ್ತು, ಮಲಗೋ ಕೋಣೆಯಲ್ಲೇ ಲ್ಯಾಬ್ ಮಾಡ್ಕೊಂಡು ಕೋಳಿಮೊಟ್ಟೆಯೊಳಗಿನ ಭ್ರೂಣದ ನರ ನೋಡ್ತಾ ಕೂತ್ರು, ಮುಂದೆ ಅದೇ ದಾರಿಯಲ್ಲಿ 1986ಕ್ಕೆ ನೊಬೆಲ್. 92ಕ್ಕೆ ಅವ್ರನ್ನ ಆಜೀವ ಸೆನೆಟರ್ (ಬದುಕಿರೋವರೆಗೂ ಸಂಸತ್ತಿನ ಮೇಲ್ಮನೆ ಸದಸ್ಯೆ) ಮಾಡಿದ್ರು, ಗೌರವಕ್ಕೆ ಅಂತ ಕೊಟ್ಟಿದ್ದು, ಇವ್ರು ನಿಜವಾಗ್ಲೂ ಸದನಕ್ಕೆ ಹೋಗಿ ವೋಟ್ ಹಾಕೋಕೆ ಶುರು ಮಾಡಿದ್ರು, ಒಂದೆರಡು ವೋಟಿನ ಮೇಲೆ ನಿಂತಿದ್ದ ಸರ್ಕಾರಕ್ಕೆ ಈ 97ರ ಅಜ್ಜಿ ವೋಟು ಬಂಗಾರ. 103 ವರ್ಷ ಇದ್ರು.

ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಜೀನ್‌ಗಳು ಜಾಗ ಬದಲಾಯ್ಸ್ತವೆ ಅಂತ 1951ರಲ್ಲಿ ಸಭೆಯಲ್ಲಿ ಹೇಳಿದ್ರು, ಯಾರಿಗೂ ತಲೆಗೆ ಹೋಗ್ಲಿಲ್ಲ, ಇವ್ರೂ ಸರಿ ಹೋಗ್ಲಿ ಬಿಡಿ ಅಂತ ತಮ್ಮ ಪಾಡಿಗೆ ಹೊಲದಲ್ಲಿದ್ರು, ನೊಬೆಲ್ ಬಂದಾಗ 81, ಹೋದಾಗ 90. ಕ್ಯೂಬಾದಲ್ಲಿ ಹುಟ್ಟಿದ ಚಿತ್ರಕಾರ್ತಿ ಕಾರ್ಮೆನ್ ಹೆರೇರಾ ಮೊದಲ ಪೇಂಟಿಂಗ್ ಮಾರಿದ್ದು 89ನೇ ವಯಸ್ಸಲ್ಲಿ, ಅಲ್ಲಿಯವರೆಗೆ ದಶಕಗಟ್ಟಲೆ ಬರೀ ಬಿಡಿಸ್ತಾ ಇದ್ರು, 101ಕ್ಕೆ ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಮ್ಮಲ್ಲಿ ಅವ್ರದ್ದೇ ಪ್ರದರ್ಶನ. ಚಿಂಪಾಂಜಿಗಳ ಜೇನ್ ಗುಡಾಲ್ 2025ರಲ್ಲಿ ಭಾಷಣದ ಪ್ರವಾಸದ ನಡುವೆನೇ ಹೋದ್ರು, 91. ಎರಡನೇ ಎಲಿಜಬೆತ್ ರಾಣಿ 96ನೇ ವಯಸ್ಸಲ್ಲಿ ಹೊಸ ಪ್ರಧಾನಿಯನ್ನ ನೇಮಿಸಿ ಎರಡೇ ದಿನಕ್ಕೆ ಹೋದ್ರು.

ನಮ್ಮ ಗಂಗೂಬಾಯಿ ಹಾನಗಲ್ ಬಗ್ಗೆ ಹೇಳ್ದೆ ಮುಂದೆ ಹೋಗೋಕಾಗಲ್ಲ. ಗಂಟಲಿಗೆ ಆಪರೇಷನ್ ಆಗಿ ದನಿ ಗಂಡುದನಿ ಥರ ದಪ್ಪ ಆಯ್ತು, ಬೇರೆಯವ್ರಾಗಿದ್ರೆ ಹಾಡೋದೇ ಬಿಡ್ತಿದ್ರು, ಇವ್ರು ಆ ದನಿಯನ್ನೇ ತಮ್ಮ ಗುರುತು ಮಾಡ್ಕೊಂಡ್ರು. ತೊಂಬತ್ತರಲ್ಲಿ ಕ್ಯಾನ್ಸರ್ ಗೆದ್ರು, 2006ರಲ್ಲಿ 93ನೇ ವಯಸ್ಸಲ್ಲಿ ಕೊನೇ ಕಛೇರಿ ಮಾಡಿದ್ರು, 2009ರಲ್ಲಿ 96ಕ್ಕೆ ಹೋದಾಗ ಕಣ್ಣು ದಾನ ಕೊಟ್ಟಿದ್ರು.

ಪ್ರಶ್ನೆ: ವಯಸ್ಸು ಸುಳ್ಳು ಹೇಳೋರೂ ಇರ್ತಾರಲ್ವಾ?

ಇರ್ತಾರೆ, ಅದಕ್ಕಿಂತ ಜಾಸ್ತಿ ತಮ್ಮ ವಯಸ್ಸು ತಮಗೇ ಪಕ್ಕಾ ಗೊತ್ತಿಲ್ದೇ ಇರೋರು. ಮ್ಯಾರಥಾನ್ ಓಡ್ತಿದ್ದ ಫೌಜಾ ಸಿಂಗ್ 2011ರಲ್ಲಿ ಟೊರಾಂಟೋದಲ್ಲಿ ನೂರನೇ ವಯಸ್ಸಲ್ಲಿ ಪೂರ್ತಿ ಓಡಿ ಮುಗಿಸಿದ್ರು, ಆದ್ರೆ ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವ್ರು ದಾಖಲೆ ಕೊಡ್ಲಿಲ್ಲ. ಪಾಸ್‌ಪೋರ್ಟಲ್ಲಿ 1911 ಅಂತಿತ್ತು, ಸಾಲ್ಲಿಲ್ಲ. ನನ್ನ ಪ್ರಕಾರ ಅವ್ರಿಗೆ 90ನೇ ಆಗಿದ್ರೂ 42 ಕಿಲೋಮೀಟರ್ 42 ಕಿಲೋಮೀಟರೇ.

ಪ್ರಶ್ನೆ: ಅಷ್ಟು ವರ್ಷ ಬದುಕೋದು ವರವಾ ಶಾಪವಾ?

ಇದಕ್ಕೆ ಜಾಣ ಉತ್ತರ ಕೊಡೋಕೆ ಮನಸ್ಸಿಲ್ಲ. ಗಂಗೂಬಾಯಿಯವರ ಜೊತೆ ವೇದಿಕೆ ಮೇಲೆ ಹಾಡ್ತಿದ್ದ ಮಗಳು ಕೃಷ್ಣಾ 2004ರಲ್ಲಿ ಹೋದ್ರು, ತಾಯಿ ಇನ್ನೂ ಐದು ವರ್ಷ ಇದ್ರು. ಮಂಡೇಲಾ 95 ವರ್ಷದಲ್ಲಿ 27 ಜೈಲಲ್ಲಿ ಕಳೆದ್ರು, ಒಬ್ಬ ಮಗ ತೀರ್ಕೊಂಡಾಗ ಮಣ್ಣಿಗೆ ಹೋಗೋಕೂ ಬಿಡ್ಲಿಲ್ಲ, ಇನ್ನೊಬ್ಬ ಮಗ 2005ರಲ್ಲಿ ಏಡ್ಸ್‌ಗೆ ಹೋದಾಗ ಅದನ್ನ ಮುಚ್ಚಿಡದೆ ಜಗತ್ತಿನ ಮುಂದೆ ಹೇಳಿದ್ರು. ಇದು ಯಾವ ಖಾತೆಗೆ ಹಾಕ್ತೀರಿ.

ಬೇಕಾದ್ರೆ ನಗೋ ಥರದ್ದು ಒಂದು ಹೇಳ್ತೀನಿ. ಫ್ರಾನ್ಸಿನ ಜೀನ್ ಕಾಲ್ಮೆಂಟ್ ತೊಂಬತ್ತಾದಾಗ, 1965ರಲ್ಲಿ, ಒಬ್ಬ ವಕೀಲರ ಜೊತೆ ಕರಾರು ಮಾಡ್ಕೊಂಡ್ರು, ನಾನಿರೋವರೆಗೆ ತಿಂಗಳು ತಿಂಗಳು ಇಷ್ಟು ದುಡ್ಡು ಕೊಡು, ಹೋದ್ ಮೇಲೆ ಮನೆ ನಿಂದು ಅಂತ. ವಕೀಲರಿಗೆ ಆಗ 47. ಒಳ್ಳೆ ವ್ಯಾಪಾರ ಅನ್ಕೊಂಡಿರ್ತಾರೆ. ಮೂವತ್ತು ವರ್ಷ ಕೊಟ್ರು, ಮನೆ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ಕೊಟ್ಟು 77ಕ್ಕೆ ತಾವೇ ಹೋಗಿಬಿಟ್ರು, ಆಮೇಲೆ ಅವ್ರ ಮನೆಯವ್ರು ಕಟ್ಟಬೇಕಾಯ್ತು. ಅಜ್ಜಿ 122 ವರ್ಷ 164 ದಿನ ಇದ್ರು.

ಪ್ರಶ್ನೆ: ನಮ್ಮ ತಾತಂಗೆ 91. ಈಗ ಕಂಪ್ಯೂಟರ್ ಕಲೀಬೇಕು, ತನ್ನ ನೆನಪೆಲ್ಲ ಟೈಪ್ ಮಾಡ್ಬೇಕು ಅಂತಾರೆ. ಅಷ್ಟೇ ಅಲ್ಲ, ಗಿಡದ ಕೊಂಬೆ ತಾನೇ ಕಡೀತೀನಿ ಅಂತ ಹಿತ್ತಲಿಗೆ ಹೋಗ್ತಾರೆ. ಮನೇಲಿ ಎಲ್ರೂ ಸುಮ್ನೆ ಕೂರೋಕೆ ಹೇಳಿ ಅಂತಿದ್ದಾರೆ. ಏನ್ ಹೇಳ್ಲಿ?

ಸುಮ್ನೆ ಕೂರಿ ಅನ್ಬೇಡಿ ಪ್ಲೀಸ್. ರಸೆಲ್ ತಮ್ಮ ಆತ್ಮಕಥೆಯ ಮೂರು ಸಂಪುಟ ಹೊರಗೆ ತಂದಿದ್ದು 1967ರಿಂದ 69ರೊಳಗೆ, ಅಂದ್ರೆ 95ರ ಸುಮಾರಿಗೆ ಶುರು. ನಿಮ್ಮ ತಾತ ಅದಕ್ಕಿಂತ ನಾಲ್ಕು ವರ್ಷ ಮುಂದೆನೇ ಇದ್ದಾರೆ. ಅಕ್ಷರ ದೊಡ್ಡದು ಮಾಡಿ ಕೊಡಿ, ಕನ್ನಡ ಕೀಬೋರ್ಡ್ ಹಾಕಿ ಕೊಡಿ, ಬಾಯಲ್ಲಿ ಹೇಳಿದ್ರೆ ತಾನೇ ಟೈಪಾಗೋ ಸೌಲಭ್ಯನೂ ಈಗಿದೆ ಅದನ್ನೂ ತೋರ್ಸಿ. ತಪ್ಪು ತಿದ್ದೋಕೆ ಹೋಗ್ಬೇಡಿ, ಒಂದೇ ಕಥೆ ಮೂರ್ ಸಲ ಬರೆದ್ರೂ ಬರೀಲಿ, ಮೂರ್ ಸಲನೂ ಬೇರೆ ಬೇರೆ ಇರತ್ತೆ ನೋಡ್ತಿರಿ. ಮತ್ತೆ ದಿನಾ ಸೇವ್ ಮಾಡೋ ಜವಾಬ್ದಾರಿ ನಿಮ್ದು, ಅವ್ರ ಮೇಲೆ ಹಾಕ್ಬೇಡಿ.

ಗಿಡದ ವಿಷಯ ಮಾತ್ರ ಬೇರೆ. ಮೇಲೆ ಷಾ ಹೆಸ್ರು ಹೇಳಿದ್ನಲ್ಲ, ಮಾಂಸ ಇಲ್ಲ ಹೆಂಡ ಇಲ್ಲ, 94ರಲ್ಲೂ ಗಟ್ಟಿಮುಟ್ಟಾಗಿದ್ದವ್ರು, 1950ರ ಸೆಪ್ಟೆಂಬರಲ್ಲಿ ತೋಟದಲ್ಲಿ ಕೊಂಬೆ ಕತ್ತರಿಸೋಕೆ ಹೋಗಿ ಬಿದ್ರು, ಮೂಳೆ ಮುರೀತು, ನವೆಂಬರ್ 2ಕ್ಕೆ ಹೋದ್ರು. ಇವತ್ತೇ ಆ ಕತ್ತರಿ ಎಲ್ಲಾದ್ರೂ ಬಚ್ಚಿಡಿ, ಕೇಳಿದ್ರೆ ಪಕ್ಕದ ಮನೆಯವ್ರು ಇಸ್ಕೊಂಡ್ ಹೋದ್ರು ಅನ್ನಿ.